ಶೈಲಾಗೆ ಜ್ವರ ಇರಲಿಲ್ಲ

ಹ್ಯಾರೋ, ಲಂಡನ್
ಮೇ 14, 2024, ಮಂಗಳವಾರ ರಾತ್ರಿ

ಅಮ್ಮಾ,

ಇಲ್ಲಿ ಎಲ್ಲರೂ ಕ್ಷೇಮ. ಶೈಲಾನೂ ಕ್ಷೇಮ. ಅವಳಿಗೆ ಜ್ವರ ಇಲ್ಲ, ಹೋದ ವಾರವೂ ಇರಲಿಲ್ಲ. ಶನಿವಾರ ನೀನು ಫೋನ್ ಮಾಡಿದಾಗ ಇವರು ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟರಂತೆ, "ಶೈಲಾಗೆ ಹುಷಾರಿಲ್ಲ ಅತ್ತೆ, ನೋಡ್ಕೊಳ್ಳೋಕೆ ಹೋಗಿದ್ದಾಳೆ" ಅಂತ. ಆಗ ಚಿನ್ನು ಅಳ್ತಿದ್ದ, ಒಲೆ ಮೇಲೆ ಹಾಲು ಉಕ್ಕಿತ್ತು. ಅವರನ್ನ ಬೈಬೇಡ. ನೀನೋ ಅಷ್ಟನ್ನೇ ನಂಬಿ ಅಮೃತಬಳ್ಳಿ ಕಷಾಯ ಮಾಡೋ ಬಗೆಯನ್ನ ವಾಟ್ಸಾಪಲ್ಲಿ ಕಳಿಸಿ, ಭಾನುವಾರ ಬೆಟ್ಟಕ್ಕೆ ಹೋಗಿ ಅವಳ ಹೆಸರಲ್ಲಿ ಅರ್ಚನೆನೂ ಮಾಡಿಸಿದೆ ಅಂತ ಗೊತ್ತಾದ ಮೇಲೆ ನನಗೆ ಊಟ ಸೇರಲಿಲ್ಲ. ಫೋನಲ್ಲೇ ಹೇಳೋಣ ಅಂದ್ರೆ ನೀನು ಸ್ಪೀಕರ್ ಹಾಕಿರ್ತೀಯ. ಅಪ್ಪ, ಕೆಲಸದವಳು, ಪಕ್ಕದ ಮನೆಯವರು ಎಲ್ಲರೂ ಕೇಳಿಸ್ಕೋತಾರೆ. ಅದಕ್ಕೇ ಕಾಗದ.

ನಾನು ಎಡಿನ್‌ಬರಗೆ ಹೋಗಿದ್ದು ನಿದ್ದೆ ಮಾಡೋಕೆ. ಸುತ್ತಿ ಬಳಸಿ ಹೇಳಲ್ಲ. ಚಿನ್ನು ಹುಟ್ಟಿ ಎರಡೂವರೆ ವರ್ಷ ಆಯ್ತು, ಅವನಿಲ್ಲದೆ ಒಂದು ರಾತ್ರಿಯೂ ಮಲಗಿರಲಿಲ್ಲ. ಮಾರ್ಚಲ್ಲಿ ಒಂದಿನ ಪುಟ್ಟಿಯ ಲಂಚ್ ಬಾಕ್ಸಿಗೆ ಚಪಾತಿ ಬದಲು ಒಗೆಯೋಕೆ ತೆಗೆದಿಟ್ಟಿದ್ದ ಕೈವಸ್ತ್ರ ಮಡಚಿ ಹಾಕಿದ್ದೆ. ಅವತ್ತು ಸಂಜೆ ಇವರೇ ಕೂತು ಟಿಕೆಟ್ ಬುಕ್ ಮಾಡಿದರು.

ಹೊರಟಿದ್ದು ಅಕ್ಷಯ ತದಿಗೆ ದಿನ. (ಗೊತ್ತು. ಬೆಳಿಗ್ಗೆ ದೇವರಿಗೆ ಪಾಯಸ ಮಾಡಿಟ್ಟೇ ಹೊರಟೆ.) ಕಿಂಗ್ಸ್ ಕ್ರಾಸಿಂದ ನಾಲ್ಕೂವರೆ ಗಂಟೆ ದಾರಿ. ಉತ್ತರಕ್ಕೆ ಹೋಗುವಾಗ ಬಲಗಡೆ ಕಿಟಕಿ ಹಿಡಿ ಅಂತ ಶೈಲಾ ಹೇಳಿದ್ದಳು. ನ್ಯೂಕಾಸಲ್ ದಾಟಿದ ಮೇಲೆ ಯಾಕೆ ಅಂತ ತಿಳೀತು, ಆಗಾಗ ಸಮುದ್ರ ರೈಲಿನ ಪಕ್ಕಕ್ಕೇ ಬಂದುಬಿಡುತ್ತೆ. ಬೆರಿಕ್ ಹತ್ತಿರ ಟ್ವೀಡ್ ನದಿ ಮೇಲೆ 28 ಕಮಾನಿನ ಕಲ್ಲಿನ ಸೇತುವೆ ಇದೆ, 1850ರದ್ದು. ಅಲ್ಲಿ ಯಾರಿಗೂ ಕೈ ತೋರಿಸಿ "ನೋಡು ನೋಡು, ನದಿ" ಅನ್ನದೆ ಸುಮ್ಮನೆ ನೋಡಿದೆ. ಕಾಫಿ ಕುಡಿಯೋಣ ಅಂತ ಬ್ಯಾಗಿಗೆ ಕೈ ಹಾಕಿದರೆ ಪರ್ಸಿನ ಬದಲು ಚಿನ್ನುವಿನ ಒಂಟಿ ಕಾಲುಚೀಲ ಬಂತು, ಒಳಗೆ ಅರ್ಧ ಬಿಸ್ಕತ್ತು. ಅದನ್ನೇ ತಿಂದೆ.

ಶೈಲಾ ಇರೋದು ಮಾರ್ಚ್‌ಮಾಂಟ್ ಅನ್ನೋ ಕಡೆ, ಹಳೇ ಕಲ್ಲಿನ ಕಟ್ಟಡದ ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲೆಲ್ಲ ಸವೆದು ನಡುವೆ ತಗ್ಗಾಗಿವೆ, ನಮ್ಮ ಅಜ್ಜಿ ಮನೆ ಹೊಸ್ತಿಲಿನ ಹಾಗೆ. ಗಂಗೋತ್ರಿ ಹಾಸ್ಟೆಲಿಂದ ನಮ್ಮನೆಗೆ ಬಂದು ಏಳು ಒಬ್ಬಟ್ಟು ತಿಂದವಳು ಇವಳೇ, ನೆನಪಿದ್ಯಾ? ಅವಳು ಹುಳಿ ಅನ್ನ, ಸಂಡಿಗೆ ಬಡಿಸಿದಳು. ಹೊರಗಿನ್ನೂ ಬೆಳಕಿತ್ತು. ಊಟ ಮಾಡಿ ಒಂಬತ್ತೂಮುಕ್ಕಾಲಿಗೆ ದಿಂಬಿಗೆ ತಲೆ ಇಟ್ಟೆ.

ಈಗ ಕೇಳು. ಅದೇ ರಾತ್ರಿ, ಮೇ 10ರಂದು, ಈ ದೇಶದ ಆಕಾಶಕ್ಕೆ ಬಣ್ಣ ಬಂತು. ಪೇಪರಲ್ಲಿ ನೀನೂ ನೋಡಿರ್ತೀಯ. ಸೂರ್ಯನಿಂದ ಸಿಡಿದ ಕಣಗಳು ಬಂದು ಮೇಲಿನ ಗಾಳಿಗೆ ಬಡಿದು ಹಸಿರು, ಕೆಂಪು, ನೇರಳೆ ಪರದೆ ಹಾಗೆ ಬೆಳಗೋದು. ಅದನ್ನ ನೋಡೋಕೆ ಅಂತಲೇ ಜನ ದುಡ್ಡು ಸುರಿದು ನಾರ್ವೆಗೆ ಹೋಗ್ತಾರೆ. ಅವತ್ತು ಲಂಡನ್ನಿಗೂ ಬಂತು. ಇಪ್ಪತ್ತು ವರ್ಷದಲ್ಲಿ ಇಂಥ ಜೋರು ಆಗಿರಲಿಲ್ಲವಂತೆ. ಎಡಿನ್‌ಬರದವರೆಲ್ಲ ರಸ್ತೆಯಲ್ಲಿ ನಿಂತು ಕತ್ತು ಎತ್ತಿದ್ದರು. ಶೈಲಾ ಓಡಿ ಬಂದು ನನ್ನ ಭುಜ ಹಿಡಿದು ಅಲ್ಲಾಡಿಸಿ, "ಏಳೇ, ಆಕಾಶ ಪೂರ್ತಿ ಗುಲಾಬಿ ಆಗಿದೆ" ಅಂದಳಂತೆ. ನಾನು ಕಣ್ಣು ಬಿಡದೆ, "ಡೈಪರ್ ಆಮೇಲೆ ಬದಲಾಯಿಸ್ತೀನಿ, ಐದೇ ನಿಮಿಷ" ಅಂತ ಗೋಡೆ ಕಡೆ ತಿರುಗಿದೆನಂತೆ. ನನಗೆ ಒಂದಿಷ್ಟೂ ನೆನಪಿಲ್ಲ.

ಇಲ್ಲಿ ಹ್ಯಾರೋದಲ್ಲಿ ಇವರು ಪುಟ್ಟಿಯನ್ನ ಎಬ್ಬಿಸಿ ಹಿತ್ತಲಿಗೆ ಕರ್ಕೊಂಡು ಹೋಗಿ ತೋರಿಸಿದರು. ನಾನು ಮನೆಯಲ್ಲಿದ್ದಿದ್ದರೆ, "ಹನ್ನೊಂದು ಗಂಟೆಗೆ ಮಗೂನ ಎಬ್ಬಿಸ್ತಾರಾ?" ಅಂತ ಜಗಳ ಆಡ್ತಿದ್ದೆ.

ಬೆಳಿಗ್ಗೆ ಐದೂ ನಲವತ್ತಕ್ಕೆ ತಾನೇ ಎಚ್ಚರ ಆಯ್ತು, ಹಾಳು ಅಭ್ಯಾಸ. ಯಾರೂ ಕೂಗಲಿಲ್ಲ. ಮತ್ತೆ ಮಲಗಿ ಹತ್ತಕ್ಕೆ ಎದ್ದೆ. ಶೈಲಾ ಫಿಲ್ಟರಲ್ಲಿ ಇಳಿಸಿದ ಡಿಕಾಕ್ಷನ್‌ಗೆ ಹಾಲು ಬೆರೆಸಿ ಲೋಟ ಕೈಗಿಟ್ಟಳು. ತುಟಿ ಸುಡೋ ಹಾಗಿತ್ತು. ಊದಿ ಊದಿ, ಒಂದೇ ಜಾಗದಲ್ಲಿ ಕೂತು, ತಳದ ಗಷ್ಟು ಕಾಣೋವರೆಗೂ ಕುಡಿದೆ.

ಮಧ್ಯಾಹ್ನ ಪ್ರಿನ್ಸೆಸ್ ಸ್ಟ್ರೀಟಲ್ಲಿ ರಸ್ತೆ ದಾಟುವಾಗ ಗೊತ್ತಿಲ್ಲದೆ ಪಕ್ಕಕ್ಕೆ ಕೈ ಚಾಚಿದ್ದೆ. ಶೈಲಾ ಒಂದು ಮಾತಾಡದೆ ಕೈ ಹಿಡ್ಕೊಂಡು ದಾಟಿ, ಆಚೆ ಬದಿಗೆ ಬಂದ ಮೇಲೆ "ಐಸ್‌ಕ್ರೀಮ್ ಕೊಡಿಸ್ತೀಯಾ?" ಅಂದಳು. ನಗ್ತಾ ನಿಂತಿದ್ದಾಗ ಕೋಟೆ ಮೇಲಿಂದ ಢಮ್ ಅಂತ ತೋಪು ಹಾರಿತು. ನಾನು ಹಾರಿಬಿದ್ದೆ, ಅಲ್ಲಿನವರು ಗಡಿಯಾರ ನೋಡ್ಕೊಂಡು ಮುಂದೆ ಹೋದರು. 1861ರಿಂದ ಮಧ್ಯಾಹ್ನ ಒಂದಕ್ಕೆ ಹಾರಿಸ್ತಾರೆ, ಭಾನುವಾರ ಇಲ್ಲ. ಬಂದರಿನ ಹಡಗಿನವರು ಗಡಿಯಾರ ಸರಿಮಾಡ್ಕೊಳ್ಳಲಿ ಅಂತ ಮೊದಲು ಗುಡ್ಡದ ಗೋಪುರದಿಂದ ದೊಡ್ಡ ಚೆಂಡು ಇಳಿಸ್ತಿದ್ದರಂತೆ. ಮಂಜು ಕವಿದರೆ ಚೆಂಡು ಕಾಣಲ್ಲ, ಅದಕ್ಕೇ ತೋಪು. ನಮ್ಮ ದಸರೆಯ ಕುಶಾಲುತೋಪಿಗೆ ನೀನು ನನ್ನ ಕಿವಿ ಮುಚ್ಚುತ್ತಿದ್ದೆಯಲ್ಲ, ಅದು ನೆನಪಾಯ್ತು.

ಕೋಟೆ ಒಳಗೆ ಹೋಗಲಿಲ್ಲ. ಸಂಜೆ ಆರ್ಥರ್ಸ್ ಸೀಟ್ ಹತ್ತಿದೆವು. ಆರಿದ ಜ್ವಾಲಾಮುಖಿ ಅದು, 251 ಮೀಟರ್ ಎತ್ತರ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವಳಿಗೆ ಇದ್ಯಾವ ಲೆಕ್ಕ ಅಂತ ಹೊರಟೆ. ಅರ್ಧದಲ್ಲೇ ಏದುಸಿರು, ಬಂಡೆ ಮೇಲೆ ಕೂತುಬಿಟ್ಟೆ. ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರು ನಾಯಿ ಜೊತೆ ನಮ್ಮನ್ನ ದಾಟಿ ಹೋದರು.

ರಾತ್ರಿ ಬಣ್ಣ ಮತ್ತೆ ಬರಬಹುದು ಅಂತ ಕಿಟಕಿ ಹತ್ತಿರ ರಜಾಯಿ ಹೊದ್ದು ಕೂತೆವು. ಒಂದು ಗಂಟೆವರೆಗೂ ನಮ್ಮ ಕಿಟಕಿಗೆ ಏನೂ ಬರಲಿಲ್ಲ. ಆಗ ಶೈಲಾಗೆ ನಿನ್ನ ವೈರಮುಡಿ ಕತೆ ಹೇಳಿದೆ. ನಾನು ಎರಡನೇ ಕ್ಲಾಸಲ್ಲಿದ್ದಾಗ ನೀನು ನಮ್ಮನ್ನ ಅಜ್ಜಿ ಹತ್ತಿರ ಬಿಟ್ಟು ಬೀದಿಯ ಹೆಂಗಸರ ಜೊತೆ ಮೇಲುಕೋಟೆಗೆ ವೈರಮುಡಿ ಉತ್ಸವ ನೋಡೋಕೆ ಹೋಗಿದ್ದೆ. ಇಡೀ ರಾತ್ರಿ ನಾನು ಅತ್ತಿದ್ದು ಅಜ್ಜಿ ನಿನಗೆ ಹೇಳಿದಳೋ ಇಲ್ಲವೋ. ಬೆಳಿಗ್ಗೆ ನೀನು ಬಂದೆ. ಕಣ್ಣು ಕೆಂಪಗಿತ್ತು, ದನಿ ಕಟ್ಟಿತ್ತು, ಕೈಯಲ್ಲಿ ಎಲೆ ಪೊಟ್ಟಣದಲ್ಲಿ ಪುಳಿಯೋಗರೆ. ಆ ದಿನವೆಲ್ಲ ಅಡುಗೆಮನೆಯಲ್ಲಿ ಒಬ್ಬಳೇ ನಗ್ತಿದ್ದೆ. ಏನಕ್ಕೆ ಅಂತ ಕೇಳಿದರೆ ಹೇಳಲಿಲ್ಲ. ದೇವರ ನೆಪ ಇತ್ತು ಅಂತ ನಿನ್ನನ್ನ ಯಾರೂ ಏನೂ ಅನ್ನಲಿಲ್ಲ. ನನಗೆ ಜ್ವರದ ನೆಪ ಬೇಕಾಯ್ತು, ಅದೂ ಇನ್ನೊಬ್ಬಳ ಜ್ವರ. ಅವತ್ತು ಏನಾಗಿತ್ತು ಅಂತ ಈಗಲಾದರೂ ಹೇಳು, ಸ್ಪೀಕರ್ ಆಫ್ ಮಾಡಿ.

ಭಾನುವಾರ ವಾಪಸ್ ಬರೋ ರೈಲು ಐವತ್ತು ನಿಮಿಷ ತಡ. ಅಲ್ಲಿ ನಿಮ್ಮ ಗ್ರೂಪಲ್ಲಿ ಅಮ್ಮಂದಿರ ದಿನದ ಗುಲಾಬಿ ಹೂ ಒಂದರ ಹಿಂದೆ ಒಂದು ಬೀಳ್ತಿದ್ದವು, ಇಲ್ಲಿ ಆ ದಿನ ಮಾರ್ಚಲ್ಲೇ ಮುಗಿದಿತ್ತು. ಮನೆಗೆ ಬಂದರೆ ಪುಟ್ಟಿಯ ಎರಡು ಜಡೆ ಎರಡು ಎತ್ತರದಲ್ಲಿ, ಈಜು ಕ್ಲಾಸಿಗೆ ಚಿನ್ನುವಿನ ಚಡ್ಡಿ ತಗೊಂಡು ಹೋಗಿ ವಾಪಸ್ ಬಂದಿದ್ದರು, ಎರಡು ಹೊತ್ತು ಮ್ಯಾಗಿ. ಚಿನ್ನು ನನ್ನ ಮುಖ ನೋಡಿ, "ಅಪ್ಪ ಬೇಕು" ಅಂದ. ಪುಟ್ಟಿ ಆಕಾಶದ ಚಿತ್ರ ಬರೆದಿದ್ದಾಳೆ, ಇದರ ಜೊತೆ ಇಟ್ಟಿದ್ದೀನಿ. ಮೂಲೆಯಲ್ಲಿ ಮಂಚದ ಮೇಲೆ ಮಲಗಿರೋದು ನಾನಂತೆ.

ಅರ್ಚನೆ ವಿಷಯ ಶೈಲಾಗೆ ಹೇಳಿದೆ. "ಇರಲಿ ಬಿಡು, ಮುಂದಿನ ಜ್ವರಕ್ಕೆ ಆಯ್ತು" ಅಂದಳು. ಜೂನಲ್ಲಿ ಇವರ ಸ್ನೇಹಿತರು ಮೈಸೂರಿಂದ ಬರ್ತಾರಲ್ಲ, ಅವರ ಕೈಲಿ ಒಂದು ಕೆಜಿ ಕಾಫಿಪುಡಿ ಕಳಿಸು. ಅರ್ಧ ನನಗೆ, ಅರ್ಧ ಅವಳಿಗೆ. ಅವಳ ಡಬ್ಬ ಪೂರ್ತಿ ಖಾಲಿ ಮಾಡಿ ಬಂದಿದ್ದೀನಿ. ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ಮಗಳು