ನೆಪ ಅಂದುಕೊಂಡಾರು ಅಂತ ಬರೆದಿದ್ದೀಯಲ್ಲ

ಬೆಟಗೇರಿ, ಗದಗ
ಭಾನುವಾರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ್ದನ್ನು ನಿನ್ನ ಅತ್ತೆ ಓದಿ ಹೇಳಿದಳು. ಆಮೇಲೆ ಫೋನ್ ಇಸಿದುಕೊಂಡು ನಾನೂ ಓದಿದೆ. ಜ್ವರ ಬಂದಿದೆ, ಗಂಟಲು ನೋವು, ಉಗುಳು ನುಂಗಿದರೂ ಕಣ್ಣಲ್ಲಿ ನೀರು ಬರುತ್ತದೆ ಅಂತೆಲ್ಲ ಬರೆದಿದ್ದೀಯ. ಅದು ವಾಸಿಯಾಗುತ್ತದೆ. ನನ್ನನ್ನು ಕಾಡಿದ್ದು ಬೇರೆ ಒಂದು ಸಾಲು. "ನೋವು ಹೊರಗೆ ಕಾಣೋದಿಲ್ಲ ಮಾಮಾ. ಹೋದ ತಿಂಗಳಷ್ಟೇ ಮದುವೆಗೆ ಅಂತ ರಜೆ ತಗೊಂಡಿದ್ದೆ. ಈಗ ಮತ್ತೆ ಕೇಳಿದರೆ ನೆಪ ಅಂದುಕೊಂಡಾರು."

ಆ ಸಣ್ಣ ಅಕ್ಷರ ಒತ್ತುತ್ತಾ ಕೂರಲು ನನಗೆ ಆಗುವುದಿಲ್ಲ. ಹಾಳೆಯ ಮೇಲೆ ಬರೆಯುತ್ತೇನೆ, ಮಗ ಫೋಟೋ ತೆಗೆದು ಕಳಿಸುತ್ತಾನೆ. ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೋ.

ನೆಪ ಅನ್ನುವ ಮಾತು ನಮ್ಮ ಮನೆಯಲ್ಲಿ ಹಿಂದೊಮ್ಮೆ ಬಂದು ಹೋಗಿದೆ. ನಿನ್ನ ಚಿಕ್ಕವ್ವನ ಹೃದಯದ ತೊಂದರೆ ನಿನಗೆ ಗೊತ್ತು, ಆಪರೇಷನ್ನೂ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ಶುರುವಾದದ್ದು ಹೇಗೆ ಅಂತ ಮಾತ್ರ ಯಾರೂ ಹೇಳಿರಲಿಕ್ಕಿಲ್ಲ. ಅವಳಿಗಾಗ ಒಂಬತ್ತು ವರ್ಷ. ಬೆಳಿಗ್ಗೆ ಎದ್ದು ಗಂಟಲು ನೋವು ಅಂದಳು. ಅವತ್ತು ಸಾಲಿಯಲ್ಲಿ ಲೆಕ್ಕದ ಪರೀಕ್ಷೆ. "ಸಾಲಿ ತಪ್ಪಸಾಕ ಹುಡುಗಿ ನೆಪ ಹೂಡ್ಯಾಳ" ಅಂತ ಮನೆಮಂದಿಯೆಲ್ಲ ನಕ್ಕರು. ನಿನ್ನ ಅವ್ವನೂ ನಕ್ಕಿದ್ದಳು, ಅವಳನ್ನು ಈಗ ಕೇಳಲು ಹೋಗಬೇಡ. ಹಾಲಿಗೆ ಅರಿಶಿನ ಹಾಕಿ ಕುಡಿಸಿ, ಪಾಟಿಚೀಲ ಹೆಗಲಿಗೆ ಹಾಕಿ ಕಳಿಸಿದ್ದಾಯಿತು. ಆಮೇಲೆ ಅವಳು ಗಂಟಲಿನ ಸುದ್ದಿಯನ್ನೇ ಎತ್ತಲಿಲ್ಲ.

ಎರಡು ಮೂರು ವಾರ ಕಳೆಯಿತು. ಒಂದು ಮೊಣಕಾಲು ಬಾತುಕೊಂಡಿತು. ಅದು ಇಳಿಯುವಷ್ಟರಲ್ಲಿ ಇನ್ನೊಂದು ಕಾಲಿನ ಪಾದದ ಗಂಟು. ಹೀಗೆ ಒಂದು ಕೀಲಿನಿಂದ ಇನ್ನೊಂದಕ್ಕೆ ಹೋಗುವ ನೋವನ್ನು ಕಂಡು ಇಲ್ಲಿಯ ಡಾಕ್ಟರು ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ರುಮ್ಯಾಟಿಕ್ ಜ್ವರ ಅನ್ನುವ ಹೆಸರನ್ನು ನಾವು ಕೇಳಿದ್ದು ಅಲ್ಲಿ. ಗಂಟಲಿಗೆ ಸ್ಟ್ರೆಪ್ಟೋಕಾಕಸ್ ಅಂತ ಒಂದು ಬ್ಯಾಕ್ಟೀರಿಯಾ ಹತ್ತುತ್ತದೆ. ಅದನ್ನು ಹೊಡೆಯಲು ಎದ್ದ ಮೈಯ ಶಕ್ತಿ ಕೆಲವರಲ್ಲಿ ಗುರಿ ತಪ್ಪಿ ತನ್ನ ಕೀಲುಗಳಿಗೆ, ತನ್ನ ಹೃದಯದ ಕವಾಟಕ್ಕೇ ಕೈ ಹಚ್ಚುತ್ತದೆ. ಗಂಟಲು ನೋವು ಮಾಯವಾಗಿ, ಎಲ್ಲರೂ ಮರೆತ ಮೇಲೆ.

ಅಲ್ಲಿಂದ 21 ದಿನಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್, ವರ್ಷಗಟ್ಟಲೆ. ಗದಗಿನಲ್ಲೇ ಹಾಕಿಸಬಹುದಿತ್ತೋ ಏನೋ. ರಿಯಾಕ್ಷನ್ ಆದೀತು ಅಂತ ಅಪ್ಪನಿಗೆ ಭಯ, ಹಾಗಾಗಿ ಹುಬ್ಬಳ್ಳಿಯ ಕೆಎಂಸಿ ದೊಡ್ಡಾಸ್ಪತ್ರೆಗೇ ಹೋಗಬೇಕು. ಮುಂದೆ ಕಿಮ್ಸ್ ಅಂತ ಹೆಸರು ಬದಲಾಗಿತ್ತಾದರೂ ನಮ್ಮ ಬಾಯಲ್ಲಿ ಅದು ಇವತ್ತಿಗೂ ಕೆಎಂಸಿಯೇ. ಕರೆದುಕೊಂಡು ಹೋಗುವ ಸರದಿ ಹೆಚ್ಚಾಗಿ ನನ್ನದು. ಅದು ಕುಂಡಿಗೆ ಕೊಡುವ ದಪ್ಪ ಔಷಧಿ, ಬಹಳ ನೋವು. ವಾಪಸ್ ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಒಂದೇ ಮಗ್ಗುಲಲ್ಲಿ ಕೂತಿರುತ್ತಿದ್ದಳು. ಅಣ್ಣಿಗೇರಿ ದಾಟಿದ ಮೇಲೆ ಸ್ವಲ್ಪ ಸರಿಯಾಗಿ ಕೂರುತ್ತಿದ್ದಳು. ನೋಯ್ತದೇನು ಅಂದರೆ ಇಲ್ಲ ಅನ್ನುತ್ತಿದ್ದಳು. ಯಾವಾಗ ಕೇಳಿದರೂ ಇಲ್ಲ. ಲೆಕ್ಕದ ಪರೀಕ್ಷೆಯ ದಿನ ಯಾರಾದರೂ ಒಬ್ಬರು ಅವಳ ಮಾತು ನಂಬಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಆ ಕಾಲದಲ್ಲಿ ಗಂಟಲು ನೋವಿಗೆ ದವಾಖಾನೆಗೆ ಹೋಗುವವರು ಯಾರಿದ್ದರು?

ನಿನ್ನನ್ನು ಹೆದರಿಸಲು ಇದನ್ನು ಬರೆಯಲಿಲ್ಲ. ಆ ರುಮ್ಯಾಟಿಕ್ ಜ್ವರ ಹೆಚ್ಚಾಗಿ ಬರುವುದು 5ರಿಂದ 15 ವರ್ಷದ ಮಕ್ಕಳಿಗೆ. ನಿನ್ನ ವಯಸ್ಸಿನಲ್ಲಿ ಹೊಸದಾಗಿ ಬರುವುದು ಅಪರೂಪ. ಗಂಟಲು ನೋವಿನಲ್ಲೂ ಹೆಚ್ಚಿನವು ವೈರಸ್ಸಿನವು, ವಾರದೊಳಗೆ ತಾವೇ ಹೋಗುತ್ತವೆ. ಆದರೆ ನೀನು ಪಾಠ ಹೇಳುವುದು ಎರಡನೇ ಇಯತ್ತೆಗೆ ಅಲ್ವಾ? ಆ ಮಕ್ಕಳ ವಯಸ್ಸೆಷ್ಟು? ಕೆಮ್ಮು, ಸೀನು, ಹತ್ತಿರ ನಿಂತು ಮಾತು, ಇಷ್ಟರಿಂದಲೇ ಹರಡುವ ರೋಗ ಇದು. ಮೇಜಿನ ಸುತ್ತ ಮುತ್ತಿಕೊಂಡು ನೋಟ್‌ಬುಕ್ ತೋರಿಸುವ ಮಕ್ಕಳು ಅವು. ರಜೆ ನಿನ್ನೊಬ್ಬಳಿಗೆ ಅಂತ ತಿಳಿಯಬೇಡ.

ಇನ್ನು ನೆಪದ ವಿಷಯ.

ಅಂದುಕೊಂಡರೆ ಅಂದುಕೊಳ್ಳಲಿ ಬಿಡು ಅಂತ ನಾನು ಹೇಳುವುದಿಲ್ಲ. ನಿಮ್ಮ ಅತ್ತೆ ಹಾಗೇ ಬರೆಯಿರಿ ಅಂದಳು. ಪ್ರೊಬೇಷನ್ನಿನಲ್ಲಿ ಇರುವವಳಿಗೆ, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ರೂಮಿನ ಬಾಡಿಗೆ ಕಟ್ಟುವವಳಿಗೆ, ಅದು ಸಣ್ಣ ಮಾತಲ್ಲ. ಆದರೆ ರಜೆ ಕೇಳುವವರ ಕಡೆ ನಿಂತು ನೀನು ಯೋಚನೆ ಮಾಡುತ್ತಿದ್ದೀಯ. ನಾನು ಹತ್ತಿ ಗಿರಣಿಯಲ್ಲಿ ಹಾಜರಿ ಪುಸ್ತಕ ಹಿಡಿದುಕೊಂಡು ಕಿಟಕಿಯ ಒಳಗೆ ಕೂತವನು. ಒಳಗಿನಿಂದ ಹೇಗೆ ಕಾಣುತ್ತದೆ ಅಂತ ಕೇಳು.

ಒಮ್ಮೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಖಾತೆಯ ಒಬ್ಬ ಆಳು ನಿನ್ನದೇ ಬೇನೆ ಹೊತ್ತು ಬಂದ. ಮಾತು ಹೊರಡುತ್ತಿಲ್ಲ. ರಜೆ ಬೇಕು ಅಂತ ಕೈಸನ್ನೆ ಮಾಡಿದ. ಹಿಂದೆ ಸಾಲಿನಲ್ಲಿ ನಿಂತವರು ನಗಲು ಶುರು ಮಾಡಿದರು. ಅವನಿಗೆ ಸಿಟ್ಟು ಬಂತು. ಕಿಟಕಿಗೆ ಮುಖ ಹಚ್ಚಿ ಬಾಯಿ ಅಗಲಿಸಿದ, ನಾಲಿಗೆಯನ್ನು ತನ್ನದೇ ಬೆರಳಿನಿಂದ ಒತ್ತಿ ಹಿಡಿದ, ನೋಡ್ರಿ ಅನ್ನುವ ಹಾಗೆ ಹುಬ್ಬು ಹಾರಿಸಿದ. ಬೀಡಿಯ ವಾಸನೆ ಗಪ್ ಅಂತ ಬಂತು. ಮೇಜಿನ ಖಾನೆಯಲ್ಲಿದ್ದ ಬ್ಯಾಟರಿ ಹಾಕಿ ನೋಡಿದೆ. ಎರಡೂ ಕಡೆ ಕೆಂಪಗೆ ಉಬ್ಬಿತ್ತು, ಮೇಲೆ ಬಿಳಿ ಚುಕ್ಕೆ. ಅದರಿಂದ ನನಗೇನು ತಿಳಿಯಬೇಕು? ನಾನೇನು ಡಾಕ್ಟರೇ? ನೋವು ಕಂಡರೂ ನನಗೆ ಉಪಯೋಗವಿರಲಿಲ್ಲ ಪುಟ್ಟಿ. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಇವತ್ತು ಇವನ ಯಂತ್ರದ ಮುಂದೆ ಯಾರನ್ನು ನಿಲ್ಲಿಸಲಿ ಅಂತ. ಅವನ ಜೋಡಿಯ ಆಳು "ನಾ ನೋಡ್ಕೋತೇನ್ರಿ" ಅಂದ ಕೂಡಲೇ ನಾನು ಸಹಿ ಹಾಕಿದೆ.

ನಿಮ್ಮ ಹೆಡ್‌ಮಿಸ್ ತಲೆಯಲ್ಲೂ ಇರುವುದು ಅದೇ. ನಿನ್ನ ತರಗತಿಗೆ ಯಾರು ಹೋಗಬೇಕು. ಅದಕ್ಕೊಂದು ಉತ್ತರ ನೀನೇ ಕೊಟ್ಟರೆ ಅರ್ಧ ಕೆಲಸ ಆಯಿತು. ಯಾವ ಪಾಠ ನಡೆದಿದೆ, ಎಷ್ಟನೇ ಪುಟ, ಮಕ್ಕಳಿಗೆ ಕಾಪಿ ಬರೆಸಲು ಏನು ಕೊಡಬಹುದು ಅಂತ ಎರಡು ಸಾಲು ಬರೆದು ಕಳಿಸು. ಬೆಳಿಗ್ಗೆ ಗಂಟೆ ಬಾರಿಸುವ ಹೊತ್ತಿಗಲ್ಲ, ಇವತ್ತು ರಾತ್ರಿಯೇ. ಮತ್ತೆ ಕಥೆ ಉದ್ದ ಮಾಡಬೇಡ. ನನ್ನ ಮುಂದೆ ನೆಪ ಹೇಳಿದವರೆಲ್ಲ ಉದ್ದ ಕಥೆಯವರೇ. ಅಜ್ಜಿ, ಬಸ್ಸು, ಮಳೆ, ದೇವರ ಹರಕೆ, ಎಲ್ಲ ಬರುತ್ತಿತ್ತು. ನಿಜವಾಗಿ ಜ್ವರ ಬಂದವನು "ಜ್ವರ ಬಂದೈತ್ರಿ" ಅಂದು ಗೋಡೆಗೆ ಒರಗುತ್ತಿದ್ದ. ಮದುವೆಯ ರಜೆಯನ್ನು ನೀನಾಗಿ ಎತ್ತಬೇಡ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡವಳು ನೀನೊಬ್ಬಳೇ ಇರಬಹುದು.

ಡಾಕ್ಟರ ಚೀಟಿ ಮೊದಲ ದಿನವೇ ಬರೆಸಿಕೋ. ಮೂರನೇ ದಿನ ಬಂದು ಮೊದಲ ದಿನದ ತಾರೀಖಿನ ಚೀಟಿ ಕೊಟ್ಟರೆ ನನಗಂತೂ ಅನುಮಾನ ಬರುತ್ತಿತ್ತು. ಟೀಚರ್ ಕೆಲಸ, ದಿನವಿಡೀ ಮಾತಾಡಬೇಕು ಅಂತ ಡಾಕ್ಟರಿಗೆ ಹೇಳು, ಅದನ್ನೂ ಸೇರಿಸಿ ಬರೆಯುತ್ತಾರೆ. ಸಂಬಳದ ಚೀಟಿಯಲ್ಲಿ ಇಎಸ್‌ಐ, ಅಂದರೆ ನೌಕರರ ವಿಮೆಯ, ಕಡಿತ ಇದೆಯಾ ನೋಡಿಕೊಂಡಿರು. ಇದ್ದರೆ ಅನಾರೋಗ್ಯ ಭತ್ಯೆ ಅಂತ ಸಂಬಳದ ಶೇ. 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಆದರೆ ಸಾಮಾನ್ಯವಾಗಿ ಮೊದಲ 2 ದಿನ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಇಂಥ ಜ್ವರದಲ್ಲಿ ಕೈಗೆ ಹತ್ತುವುದು ಕಡಿಮೆಯೇ. ಹೇಳಬೇಕು ಅನ್ನಿಸಿತು, ಹೇಳಿದೆ.

ಎಷ್ಟು ದಿನ ರಜೆ ಅಂತ ನನ್ನನ್ನು ಕೇಳಿದ್ದೀಯ. ಅದನ್ನು ಡಾಕ್ಟರು ಹೇಳಬೇಕು. ನನಗೆ ತಿಳಿದಷ್ಟು ಹೇಳುತ್ತೇನೆ. ಜ್ವರ ಇರುವ ದಿನ ಹೋಗಲೇಬಾರದು. ಸ್ಟ್ರೆಪ್, ಅಂದರೆ ಆ ಸ್ಟ್ರೆಪ್ಟೋಕಾಕಸ್, ಅಂತ ಗೊತ್ತಾಗಿ ಆಂಟಿಬಯಾಟಿಕ್ ಶುರು ಮಾಡಿದರೆ 24 ಗಂಟೆ ಕಳೆದ ಮೇಲೆ ಬೇರೆಯವರಿಗೆ ಹರಡುವುದು ಬಹಳ ಕಡಿಮೆಯಾಗುತ್ತದೆ. ವೈರಸ್ಸಿನದಾದರೆ ಜ್ವರ ಬಿಟ್ಟು, ಅನ್ನ ನುಂಗುವಂತಾಗಲಿ. ನಿನ್ನ ಕೆಲಸಕ್ಕೆ ದನಿ ಬೇಕು, ಆದ್ದರಿಂದ ಅದರ ಮೇಲೆ ಇನ್ನೊಂದು ದಿನ ಹಿಡಿ. ಒಂದೇ ಸಲಕ್ಕೆ ಇಷ್ಟು ದಿನ ಅಂತ ಕೇಳಿಬಿಡು. ದಿನಾ ಬೆಳಿಗ್ಗೆ ಇವತ್ತೂ ಆಗೋದಿಲ್ಲ ಅಂತ ಹೇಳುವುದೇ ಜಾಸ್ತಿ ಅನುಮಾನ ಹುಟ್ಟಿಸುವುದು.

ರೂಮಿನ ಗೆಳತಿ ತನಗೆ ಉಳಿದಿದ್ದ ಆಂಟಿಬಯಾಟಿಕ್ ಕೊಟ್ಟಳು ಅಂತ ಬರೆದಿದ್ದೀಯಲ್ಲ, ಅದನ್ನು ಮಾತ್ರ ತೆಗೆದುಕೊಳ್ಳಬೇಡ. ಇದೊಂದು ನನ್ನ ಮಾತು ಕೇಳು. ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ. ಸ್ಟ್ರೆಪ್ ಆಗಿದ್ದರೆ ಎರಡು ಮೂರು ಉಳಿದ ಗುಳಿಗೆಯಿಂದ ಹೋಗುವುದಿಲ್ಲ. ಪೆನಿಸಿಲಿನ್ ಜಾತಿಯ ಗುಳಿಗೆ ಸಾಮಾನ್ಯವಾಗಿ 10 ದಿನ ಪೂರ್ತಿ ತಿನ್ನಬೇಕು, ಮೂರನೇ ದಿನಕ್ಕೆ ಆರಾಮ ಅನ್ನಿಸಿದರೂ. ಕೆಮ್ಮು ನೆಗಡಿ ಇಲ್ಲ, ಜ್ವರ ಜೋರು, ಕುತ್ತಿಗೆಯಲ್ಲಿ ಗಂಟು ಮುಟ್ಟಿದರೆ ನೋವು, ಟಾನ್ಸಿಲ್ ಮೇಲೆ ಬಿಳಿ ಕೀವು, ಇಷ್ಟು ಇದ್ದರೆ ಡಾಕ್ಟರಿಗೆ ಸ್ಟ್ರೆಪ್ ಅನುಮಾನ ಬರುತ್ತದೆ. ಬೇಕಿದ್ದರೆ ಗಂಟಲಿಗೆ ಹತ್ತಿಯ ಕಡ್ಡಿ ಸವರಿ ಪರೀಕ್ಷೆ ಮಾಡಿಸುತ್ತಾರೆ. ನಿನಗೆ ಕೆಮ್ಮು ಇದೆಯೋ ಇಲ್ಲವೋ ನೀನು ಬರೆದೇ ಇಲ್ಲ.

ಬಾಯಿ ತೆಗೆಯಲು ಆಗದಿದ್ದರೆ, ಒಂದೇ ಬದಿ ವಿಪರೀತ ನೋವಾದರೆ, ಉಗುಳು ನುಂಗಲಾಗದೆ ಜೊಲ್ಲು ಸುರಿದರೆ, ಉಸಿರು ಕಟ್ಟಿದಂತಾದರೆ ಬೆಳಗಾಗುವುದನ್ನು ಕಾಯಬೇಡ. ಅದು ಟಾನ್ಸಿಲ್ ಪಕ್ಕದಲ್ಲಿ ಕೀವು ತುಂಬಿದ್ದಿರಬಹುದು. ಕೆಎಂಸಿ ನಿನ್ನ ರೂಮಿಗೆ ಹತ್ತಿರವೇ ಇದೆ, ಗೆಳತಿಯನ್ನು ಎಬ್ಬಿಸಿ ಆಟೋ ಹಿಡಿ. ಅಲ್ಲಿಯೂ ನೆಪ ಅಂದಾರು ಅಂತ ಕೂತುಬಿಡಬೇಡ ಮತ್ತೆ.

ಉಳಿದದ್ದೆಲ್ಲ ನಿನಗೆ ಗೊತ್ತಿರುವುದೇ. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಗಳಗಳ ಮಾಡಿ ಉಗುಳು. ರೋಗ ಹೋಗುವುದಿಲ್ಲ, ನೋವು ಸ್ವಲ್ಪ ಇಳಿಯುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ 650, ನಡುವೆ ಆರು ಗಂಟೆ ಬಿಡು, ದಿನಕ್ಕೆ ನಾಲ್ಕರ ಮೇಲೆ ಬೇಡ. ನೀರು ಕುಡಿ. ಗಂಜಿ, ಮೆತ್ತಗಿನ ಅನ್ನ ಸಾಕು, ಗಿರ್ಮಿಟ್ಟು ಮಿರ್ಚಿ ಭಜಿಗೆ ಒಂದು ವಾರ ರಜೆ ಕೊಡು. ತಣ್ಣಗಿನ ಐಸ್‌ಕ್ರೀಂ ತಿಂದರೆ ಗಂಟಲಿಗೆ ಹಿತವೇ ಅಂತೆ. ಇದನ್ನು ಅತ್ತೆಗೆ ಹೇಳಬೇಡ, ಅವಳು ಒಪ್ಪುವುದಿಲ್ಲ. ಟಾನ್ಸಿಲ್ ತೆಗೆಸಿಬಿಡಲಾ ಅಂತ ಕೇಳಿದ್ದೀಯ. ವರ್ಷದಲ್ಲಿ 7 ಸಲ, ಇಲ್ಲವೇ ಸತತ 2 ವರ್ಷ 5 ಸಲದಂತೆ ಬಂದರೆ ಆ ಯೋಚನೆ ಮಾಡುತ್ತಾರೆ. ನಿನ್ನದು ಇನ್ನೂ ಅಲ್ಲಿಗೆ ಬಂದಿಲ್ಲ.

ಬರೆಯುತ್ತಾ ನನ್ನ ರಜೆ ನೆನಪಾಯಿತು. ಬೇರೆಯವರ ರಜೆ ಬರೆದುಕೊಳ್ಳುತ್ತಿದ್ದವನು ನಾನು, ನನ್ನ ಖಾತೆಯಲ್ಲಿ ಅದು ರಾಶಿ ಬಿದ್ದಿತ್ತು. ಎಲ್ಲ ಕೂಡಿಸಿಟ್ಟು ಕಡೆಗೆ ಒಮ್ಮೆಲೇ ದುಡ್ಡು ತೆಗೆದುಕೊಳ್ಳಬೇಕು ಅನ್ನುವ ಲೆಕ್ಕ. ಆಷಾಢದ ಗಾಳಿಯಲ್ಲಿ ಮೈ ಸುಡುತ್ತಿದ್ದರೂ ಮಫ್ಲರ್ ಸುತ್ತಿಕೊಂಡು ಸೈಕಲ್ ತುಳಿದಿದ್ದೇನೆ. ಗಿರಣಿ ಮುಚ್ಚಿತು. ರಜೆಯ ದುಡ್ಡು ಬರಲಿಲ್ಲ. ನಾನು ಕೆಂಪು ಮಸಿಯಲ್ಲಿ ಗೆರೆ ಎಳೆದಿದ್ದ ಪುಸ್ತಕಗಳು ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋದವು. ಯಾರು ಯಾವತ್ತು ಬಂದರು, ಯಾರು ನೆಪ ಹೇಳಿದರು ಅನ್ನುವುದೆಲ್ಲ ಅದರಲ್ಲಿತ್ತು. ನಾನು ಜ್ವರದಲ್ಲಿ ಬಂದಿದ್ದೆ ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ.

ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗು. ಚಿಗರಿ ಬಸ್ಸು ನೂಕುನುಗ್ಗಲಾಗುವ ಮೊದಲೇ ಹೋದರೆ ಒಳ್ಳೆಯದು, ಮೂಗು ಬಾಯಿಗೆ ಮಾಸ್ಕ್ ಇರಲಿ. ಚಿಕ್ಕವ್ವ ಬುಧವಾರ ಹುಬ್ಬಳ್ಳಿಗೆ ಬರುವವಳಿದ್ದಾಳೆ, ತನ್ನ ತಪಾಸಣೆಗೆ. ನಿನ್ನನ್ನು ನೋಡಿಯೇ ಬರುತ್ತೇನೆ ಅಂದಿದ್ದಳು. ಅವಳ ಕವಾಟಕ್ಕೆ ಸೋಂಕು ತಾಗಬಾರದು, ನಿನಗೆ ಜ್ವರ ಬಿಡುವವರೆಗೆ ಬೇಡ ಅಂತ ನಾನೇ ಹೇಳಿದ್ದೇನೆ. ಹಾಗಾಗಿ ಅವಳು ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ನಿನಗಾಗಿ ಚಟ್ನಿ ಕಟ್ಟಿಟ್ಟಿದ್ದಳು, ಅದನ್ನೂ ತಡೆದಿದ್ದೇನೆ, ಖಾರ ಅಂತ.

ಫೋನ್ ಮಾಡಬೇಡ, ಮಾತಾಡಬೇಕಾಗುತ್ತದೆ. ಹೆಡ್‌ಮಿಸ್‌ಗೆ ಏನು ಬರೆದೆ ಅಂತ ಇವತ್ತು ರಾತ್ರಿ ನನಗೂ ಕಳಿಸು, ಉದ್ದ ಆಗಿದ್ದರೆ ಕತ್ತರಿಸಿ ಕೊಡುತ್ತೇನೆ.

ನಿನ್ನ
ಮಾಮಾ