ಜವಳಿ ಸಚಿವರಿಗೊಂದು ಬಹಿರಂಗ ಪತ್ರ: ಬೆಳ್ಳಿಯ ಬಣ್ಣ ಬರಲಿ, ಬೆಳ್ಳಿಯ ಲೆಕ್ಕವೂ ಬರಲಿ

ಮಾನ್ಯ ಸಚಿವರೇ, ನಮಸ್ಕಾರ.

ವೋಟು ಹಾಕಿದಾಗ ನಿಮ್ಮ ಬೆರಳಿಗೂ ಶಾಯಿ ಹಚ್ಚಿರುತ್ತಾರೆ. ಅದು ನಮ್ಮ ಮೈಸೂರಿನ ಶಾಯಿ. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಇಲ್ಲಿಂದಲೇ ಹೋಗುತ್ತಿದೆ. ಅದರೊಳಗಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ ಬೆಳಕು ಕಂಡರೆ ಕಪ್ಪಾಗುತ್ತದೆ, ಸೋಪಿಗೂ ಜಗ್ಗೋದಿಲ್ಲ. ಇದೇ ಬೆಳ್ಳಿಯ ಉಪ್ಪಿನಿಂದ ಸೂಕ್ಷ್ಮ ಕಣಗಳನ್ನು ಮಾಡಿ ನೈಲಾನ್, ಪಾಲಿಯೆಸ್ಟರ್‌ಗೆ ಬಣ್ಣ ಕೊಡಬಹುದು ಅಂತ ಪ್ರಯೋಗಾಲಯಗಳಲ್ಲಿ ತೋರಿಸಿದ್ದಾರೆ. ನಾಳೆ ಯಾರಾದರೂ ಈ 'ಪರಿಸರಸ್ನೇಹಿ' ಬಣ್ಣದ ಕಡತ ಹಿಡಿದು ನಿಮ್ಮ ಹತ್ತಿರ ಬಂದೇ ಬರುತ್ತಾರೆ. ಅದಕ್ಕೇ ಈ ಪತ್ರ.

ನಾನು ನಂಜನಗೂಡಿನ ಕಡೆ ಡೈಯಿಂಗ್ ಘಟಕವೊಂದರಲ್ಲಿ ಬಹಳ ವರ್ಷ ಪಾಲಿಯೆಸ್ಟರ್‌ಗೆ ಬಣ್ಣ ಹಾಕಿದವನು. ಆ ನೂಲು ಸುಲಭಕ್ಕೆ ಬಣ್ಣ ಹಿಡಿಯೋದಿಲ್ಲ. ಮೆಷಿನ್ ಬಿಗಿಯಾಗಿ ಮುಚ್ಚಿ, ಒತ್ತಡದಲ್ಲಿ 130 ಡಿಗ್ರಿವರೆಗೆ ನೀರು ಕಾಯಿಸಬೇಕು. ಆಮೇಲೆ ಮೇಲ್ಮೈಗೆ ಅಂಟಿ ಉಳಿದ ಬಣ್ಣ ತೆಗೆಯೋಕೆ ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಸ್ ಅನ್ನೋ ಬಣ್ಣ ತೆಗೆಯುವ ಪುಡಿ ಹಾಕಿ ಇನ್ನೊಂದು ಸಲ ತೊಳೆಯಬೇಕು. ಹೈಡ್ರೋಸ್ ಡಬ್ಬದ ಮುಚ್ಚಳ ತೆಗೆದರೆ ಗಂಧಕದ ಘಾಟು ನೆತ್ತಿಗೇರುತ್ತದೆ. ನೇವಿ ಬ್ಲೂ ಲಾಟ್ ಮುಗಿದ ದಿನ ಮೋರಿಯೂ ನೇವಿ ಬ್ಲೂ.

ಹಾಗಾಗಿ ಹೊಸ ದಾರಿ ಬೇಡ ಅನ್ನೋ ಜನರಲ್ಲಿ ನಾನಿಲ್ಲ. ವಿಷಯವೇ ಸೊಗಸಾಗಿದೆ. ಮೈಸೂರು ಸಿಲ್ಕಿನ ಜರಿಯಲ್ಲಿ ಬೆಳ್ಳಿ ಬಂಗಾರ ನೋಡಿ ಬೆಳೆದವರು ನಾವು. ಆದರೆ ಬಂಗಾರವನ್ನು ಸುಮಾರು 20 ನ್ಯಾನೋಮೀಟರ್ ಗಾತ್ರಕ್ಕೆ ಇಳಿಸಿದರೆ ಅದು ಕೆಂಪಾಗಿ ಕಾಣುತ್ತದೆ! ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್. ಅಷ್ಟು ಸಣ್ಣ ಬಂಗಾರದ ಕಣ ಬೆಳಕಿನ ಹಸಿರು ಭಾಗವನ್ನು ನುಂಗುತ್ತದೆ, ಕೆಂಪು ಉಳಿಯುತ್ತದೆ. ಬೆಳ್ಳಿಯ ದುಂಡು ಕಣ ನೇರಳೆ-ನೀಲಿ ಭಾಗವನ್ನು ನುಂಗಿ ಹಳದಿ ತೋರಿಸುತ್ತದೆ. ಅದೇ ಬೆಳ್ಳಿಯನ್ನು ಚಪ್ಪಟೆ ತ್ರಿಕೋನ ಮಾಡಿದರೆ ನೀಲಿ. ಆಕಾರ, ಗಾತ್ರ ಬದಲಾದರೆ ಬಣ್ಣ ಬದಲು. ಗಾಢ ಕಪ್ಪು ಮಾತ್ರ ಇದರಿಂದ ಕಷ್ಟ, ಸ್ಕೂಲ್ ಪ್ಯಾಂಟಿಗೆ ಹಳೇ ಬಣ್ಣವೇ ಗತಿ.

ಈಗ ನನ್ನ ಆತಂಕ ಹೇಳುತ್ತೇನೆ. ನೇವಿ ಬ್ಲೂ ಮೋರಿ ಕಂಡರೆ ಊರಿನವರು ಜಗಳಕ್ಕೆ ಬರುತ್ತಾರೆ, ಅಧಿಕಾರಿಯೂ ಬರುತ್ತಾರೆ. ಬೆಳ್ಳಿ ಕರಗಿದ ನೀರಿಗೆ ಬಣ್ಣವೇ ಇಲ್ಲ. ಅದು ನಮ್ಮ ಕಪಿಲೆ ನದಿಗೆ ಸೇರಿದರೆ ಜಗಳ ಮಾಡೋರು ಯಾರು? ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ವಾಸನೆ ಬರದ ಸಾಕ್ಸ್ ಅಂತ ಮಾರೋದೇ ಆ ಗುಣ ಹೇಳಿ. ಆದರೆ ಕೊಳಚೆ ನೀರಿನ ಶುದ್ಧೀಕರಣ ಘಟಕ ನಡೆಯುವುದೂ ಬ್ಯಾಕ್ಟೀರಿಯಾದಿಂದಲೇ ಅಲ್ವಾ? ಮೀನಿಗೂ ಬೆಳ್ಳಿ ಆಗಿಬರೋದಿಲ್ಲ. ಬೆಳ್ಳಿ ರೇಟು ನೋಡಿದರೆ ಯಾವ ಮಾಲೀಕ ತಾನೇ ಚರಂಡಿಗೆ ಬಿಡ್ತಾನೆ ಅನ್ನಿಸಬಹುದು. ಬಳಸೋದೇ ಚಿಟಿಕೆಯಷ್ಟಾದರೆ, ನೀರಿನಿಂದ ವಾಪಸ್ ತೆಗೆಯುವ ಖರ್ಚೇ ಜಾಸ್ತಿ ಆಗಬಹುದು, ಆಗ ಬಿಟ್ಟೇ ಬಿಡ್ತಾನೆ.

2008ರಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು ಬೆಳ್ಳಿಯ ಸಾಕ್ಸ್‌ಗಳನ್ನು ನೀರಲ್ಲಿ ಹಾಕಿ ನೋಡಿದರು. ಕೆಲವು ನಾಲ್ಕೇ ಒಗೆತಕ್ಕೆ ಹೆಚ್ಚುಕಡಿಮೆ ಇದ್ದ ಬೆಳ್ಳಿಯನ್ನೆಲ್ಲ ಬಿಟ್ಟವು, ಕೆಲವು ಹೆಚ್ಚುಕಡಿಮೆ ಬಿಡಲೇ ಇಲ್ಲ. ಅಂದರೆ ಕಣವನ್ನು ನೂಲಿಗೆ ಹೇಗೆ ಕೂರಿಸಿದ್ದಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ನೈಲಾನ್ ಸ್ವಲ್ಪ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ನುಣುಪು, ಹಿಡಿತ ಸಿಗಲು ಮೊದಲು ಕಾಸ್ಟಿಕ್‌ನಲ್ಲಿ ಕೊರೆಸುವವರಿದ್ದಾರೆ. ಕಾಸ್ಟಿಕ್ ನೀರು ಮತ್ತೆ ಮೋರಿಗೇ ಬಂತು. ಅದಕ್ಕೆ, ರಾಸಾಯನಿಕದ ಬದಲು ದಾಳಿಂಬೆ ಸಿಪ್ಪೆಯ ರಸದಲ್ಲಿ ಕಣ ಮಾಡಿದ್ದೇವೆ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ, ಆ ಕಣ ನೂಲಲ್ಲಿ ನಿಲ್ಲುತ್ತಾ ಅಂತ ಕೇಳಿ.

ನಿಮ್ಮಿಂದ ಆಗಬೇಕಾದ್ದು ಇಷ್ಟೇ. ರಿಯಾಯಿತಿ ಕೊಡುವ ಮೊದಲು ಮೈಸೂರಿನಲ್ಲೇ ಸಣ್ಣದಾಗಿ ಒಂದು ಪ್ರಯೋಗ ಘಟಕ ಮಾಡಿಸಿ. ಬೆಳ್ಳಿಯ ಉಪ್ಪಿನ ಕೆಲಸ ಬಲ್ಲ ಸರ್ಕಾರಿ ಶಾಯಿ ಕಾರ್ಖಾನೆ ಇಲ್ಲಿದೆ, ರಸಾಯನಶಾಸ್ತ್ರ ಬಲ್ಲವರು ವಿಶ್ವವಿದ್ಯಾಲಯದಲ್ಲಿದ್ದಾರೆ. ಬಟ್ಟೆಯನ್ನು ಮತ್ತೆ ಮತ್ತೆ ಒಗೆದು, ಒಗೆದ ನೀರಲ್ಲೂ ಘಟಕದಿಂದ ಹೊರಬೀಳುವ ನೀರಲ್ಲೂ ಬೆಳ್ಳಿ ಎಷ್ಟಿದೆ ಅಂತ ಅಳೆಸಿ. ಅನುಮತಿ ಪತ್ರದಲ್ಲಿ ಈ ಪರೀಕ್ಷೆಯನ್ನು ಷರತ್ತಾಗಿ ಬರೆಸಿ. ವರದಿ ಕನ್ನಡದಲ್ಲಿರಲಿ, ಅದರ ಒಂದೊಂದು ಪ್ರತಿ ಕಪಿಲೆ ದಡದ ಗ್ರಾಮ ಪಂಚಾಯಿತಿಗಳಿಗೂ ಹೋಗಲಿ.

ಇಂತಿ,
ನಂಜನಗೂಡಿನ ಒಬ್ಬ ನಿವೃತ್ತ ಡೈಯಿಂಗ್ ಮಾಸ್ಟರ್