ಹೆರಿಗೆಗೆ ಕಾದಿರುವ ಮನೆಯವರಿಗೆ

ಎಲ್ಲರಿಗೂ ನಮಸ್ಕಾರ. ಈ ತಿಂಗಳು ನಮ್ಮ ಗುಂಪಿನ ಮೂರು ಮನೆಗಳಲ್ಲಿ ಹೆರಿಗೆ ಇದೆ, ಅವರಿಗಾಗಿಯೇ ಇದು.

ಮಗು ಹುಟ್ಟಿದ 48ರಿಂದ 72 ಗಂಟೆಯೊಳಗೆ ಹಿಮ್ಮಡಿ ಚುಚ್ಚಿ ನಾಲ್ಕೈದು ಹನಿ ರಕ್ತ ತೆಗೆಯುವ ಪರೀಕ್ಷೆ (ನ್ಯೂಬಾರ್ನ್ ಸ್ಕ್ರೀನಿಂಗ್) ತಪ್ಪದೇ ಮಾಡಿಸಿ. ಹೊರಗೆ ಕಾಣದ ಕೆಲವು ಹುಟ್ಟು ಕಾಯಿಲೆಗಳು ಇದರಲ್ಲಿ ಗೊತ್ತಾಗುತ್ತವೆ. ದಪ್ಪ ಕಾಗದದ ಮೇಲಿನ ಸಣ್ಣ ಸುತ್ತುಗಳಿಗೆ ಒಂದೊಂದು ಹನಿ ಬಿಟ್ಟು ಒಣಗಿಸುತ್ತಾರೆ. ನನ್ನ ತಂಗಿ ಮಗಳು ಒಂದು ಸಲ ಚೀರಿ, ಹಾಲು ಕುಡಿದು ಮಲಗಿಬಿಟ್ಟಳು. ಅವಳಿಗೆ ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇದೆ ಅಂತ ಗೊತ್ತಾಗಿದ್ದು ಇದರಿಂದಲೇ. ನೋಡೋಕೆ ಮುದ್ದಾಗಿ, ಆರೋಗ್ಯವಾಗಿಯೇ ಇದ್ದಳು! ಎರಡು ವಾರದೊಳಗೆ ಮಾತ್ರೆ ಶುರುವಾಯಿತು. ದಿನಾ ಚಮಚದಲ್ಲಿ ಎದೆಹಾಲಿಗೆ ಪುಡಿ ಮಾಡಿ ಹಾಕಿ ಕುಡಿಸುತ್ತಿದ್ದೆವು. ತಡವಾಗಿದ್ದರೆ ಮೆದುಳಿನ ಬೆಳವಣಿಗೆಗೇ ಪೆಟ್ಟು ಬೀಳುತ್ತಿತ್ತು.

ಗ್ಯಾಲಕ್ಟೋಸೀಮಿಯಾ (ಹಾಲಿನಲ್ಲಿರುವ ಸಕ್ಕರೆ ಮೈಗೆ ಒಗ್ಗದಿರುವುದು), ಬಯೋಟಿನಿಡೇಸ್ ಕೊರತೆ (ಬಯೋಟಿನ್ ಅನ್ನೋ ವಿಟಮಿನ್ ಅನ್ನು ಮೈ ಸರಿಯಾಗಿ ಬಳಸಿಕೊಳ್ಳಲಾಗದಿರುವುದು) ಇಂಥ ಅಪರೂಪದ ಕಾಯಿಲೆಗಳೂ ಹೀಗೇ ಗೊತ್ತಾಗುತ್ತವೆ. ಎರಡನೆಯದಕ್ಕೆ ಮದ್ದು ಬರೀ ಆ ವಿಟಮಿನ್, ನಂಬ್ತೀರಾ?

ನಮ್ಮ ದೇಶದಲ್ಲಿ ಎಲ್ಲ ಕಡೆ ಇದು ಕಡ್ಡಾಯವಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಾದರೂ ತಾನಾಗೇ ಮಾಡುತ್ತಾರೆ ಅಂದುಕೊಳ್ಳಬೇಡಿ, ಬಾಯಿಬಿಟ್ಟು ಕೇಳಿ. ಯಾವ ಯಾವ ಕಾಯಿಲೆಗೆ ನೋಡುತ್ತಾರೆ, ರಿಪೋರ್ಟ್ ಯಾವಾಗ ಅಂತಲೂ ಕೇಳಿ. ಒಂದೇ ದಿನಕ್ಕೆ ಡಿಸ್ಚಾರ್ಜ್ ಆದರೆ ಮತ್ತೆ ಯಾವಾಗ ಬರಬೇಕು ಅಂತ ಬರೆಸಿಕೊಳ್ಳಿ. ಮೊದಲ ರಿಪೋರ್ಟ್‌ನಲ್ಲಿ ಏರುಪೇರು ಕಂಡರೆ ಗಾಬರಿ ಬೇಡ. ಅದು ಕಾಯಿಲೆ ಅಂತ ತೀರ್ಮಾನ ಅಲ್ಲ, ಇನ್ನೊಂದು ಪರೀಕ್ಷೆ ಬೇಕು ಅಂತ. ಆದರೆ ಆ ಇನ್ನೊಂದನ್ನು ನಾಳೆ ನಾಡಿದ್ದು ಅಂತ ಮುಂದೂಡಬೇಡಿ.